ಖಾದರ್ ಸರ್ ಅವರ ಎಡಗೈ ಕೀಲಿಗಳು

ಆ ದಿನವೂ ಹಾಲು ಕಾಯಿಸಿ, ಮಕ್ಕಳ ಡಬ್ಬಿ ಕಟ್ಟಿ, ಘಾಟ್ಕೋಪರ್ ಸ್ಟೇಷನ್ ಪಕ್ಕದ ಟೈಪಿಂಗ್ ಆಫೀಸಿಗೆ ಹೋದೆ. ಅರ್ಧ ದಿನದ ಕೆಲಸ. ಕಿಟಕಿ ಬದಿಯ ಕುರ್ಚಿ ಖಾಲಿಯಿತ್ತು. ಖಾದರ್ ಸರ್ ಹಿಂದಿನ ವಾರವೇ ಕೆಲಸ ಬಿಟ್ಟು ಬಿಜಾಪುರದ ಮಗಳ ಮನೆಗೆ ಹೊರಟುಹೋಗಿದ್ದರು. ಮತ್ತೆ ಅವರನ್ನು ನಾನು ನೋಡಲಿಲ್ಲ.

ಅವರ ಬಲಗೈ ಏಳುತ್ತಿರಲಿಲ್ಲ. ಇಸ್ತ್ರಿ ಮಾಡಿದ ತೋಳಿನೊಳಗೆ ಅದನ್ನು ತೊಡೆಯ ಮೇಲೆ ಮಲಗಿಸಿ, ಎಡಗೈಯೊಂದರಿಂದಲೇ ಚಹಾ ಸೋಸುತ್ತಿದ್ದರು, ಕಂಪ್ಯೂಟರ್ ನಡೆಸುತ್ತಿದ್ದರು. ಉಳಿಸುವುದು, ಅಳಿಸುವುದು, ಹುಡುಕುವುದು, ಎಲ್ಲದರ ಕೀಲಿಗಳನ್ನೂ ಕೀಲಿಮಣೆಯ ಎಡಬದಿಗೆ ತಂದುಕೊಂಡಿದ್ದರು. ಆ ಏರ್ಪಾಡೆಲ್ಲ ಅವರ ಹೆಸರಿನ ಒಂದು ಫೈಲಿನಲ್ಲಿತ್ತು. ನಾನು ಕೆಲಸ ಕಲಿತದ್ದೂ ಅದರ ಮೇಲೆಯೇ.

ಮೊದಲ ದಿನವೇ ಹೇಳಿದ್ದರು: “ಬಾಯಿ, ನಿಮ್ಮ ಫೈಲಿನಾಗ ನಿಮಗ ಬ್ಯಾರೆ ಬೇಕಾದ ಕೀಲಿ ಅಷ್ಟ ಬರೀರಿ. ಅಲ್ಲಿ ಸಿಗಲಿಲ್ಲಂದ್ರ ಕಂಪ್ಯೂಟರ್ ನನ್ನ ಫೈಲ್ ನೋಡ್ತೈತಿ. ಅಲ್ಲೂ ಇಲ್ಲಂದ್ರ ಮೂಲದ್ದು. ನೀವು ಆರಾಮ್ ಕುಂದರ್ರಿ.”

ನಾನು ಬರೆದದ್ದು ಎರಡೇ ಕೀಲಿ. ತಪ್ಪಿದರೆ, “ಕಾನ್ವೆಂಟಿನಾಗ ಬರೇ ಪ್ರೇಯರ್ ಕಲಿಸಿದ್ರೇನ್ರೀ?” ಎನ್ನುತ್ತ ಚಹಾದ ಲೋಟ ನನ್ನತ್ತ ಸರಿಸುತ್ತಿದ್ದರು.

ಅಂದು ಮೊದಲ ಸಾಲು ಹೊಡೆದು ಉಳಿಸಲು ಒತ್ತಿದೆ. ಬೀಪ್ ಎಂದಿತು. ಅಳಿಸಲು ಒತ್ತಿದೆ. ಮತ್ತೆ ಬೀಪ್. ಶಾಲೆಯೊಂದರ ಪ್ರಶ್ನೆಪತ್ರಿಕೆ ಅದೇ ಸಂಜೆ ಪ್ರೆಸ್ಸಿಗೆ ಹೋಗಬೇಕಿತ್ತು.

ಸರ್ ಫೈಲ್ ಏನಾಯಿತೆಂದು ಕೇಳಿದರೆ ಮಾಲೀಕ ಶಾಂತಿಭಾಯಿ ಪೇಪರಿನಿಂದ ತಲೆ ಎತ್ತಲಿಲ್ಲ. “ಖಾದರ್‌ಭಾಯ್ ಕಾ ಫೈಲ್? ಡಿಲೀಟ್ ಕರ್ ದಿಯಾ. ಆಪ್ ಓರಿಜಿನಲ್ ಸೇ ಜೋಡ್ ಲೋ, ಬೆಹನ್.”

ನಡುವಿನ ಅವರ ಫೈಲ್ ಅಳಿಸಿದ್ದರಿಂದ ನನ್ನ ಫೈಲಿಗೂ ಮೂಲದ್ದಕ್ಕೂ ಇದ್ದ ಕೊಂಡಿ ಕಳಚಿತ್ತು. ಅವರು ಹೇಳಿದಂತೆ ನನ್ನದನ್ನು ನೇರ ಮೂಲದ್ದಕ್ಕೆ ಜೋಡಿಸಿಕೊಂಡೆ. ಎಲ್ಲ ನಡೆಯಿತು, ಬಲಗೈಯಲ್ಲಿ. ಇಷ್ಟಕ್ಕೇ ಬಿಟ್ಟರೆ ಸರ್ ಈ ಆಫೀಸಿನಲ್ಲಿ ಇನ್ನೆಲ್ಲೂ ಇರುವುದಿಲ್ಲ ಅನ್ನಿಸಿತು. ಪ್ರಶ್ನೆಪತ್ರಿಕೆ ಬದಿಗಿಟ್ಟು ಅವರ ಹೆಸರಿನಲ್ಲೇ ಹೊಸ ಫೈಲ್ ತೆರೆದೆ. ಯಾವ ಕೀಲಿ ಯಾವುದಕ್ಕೆ ಎಂದು ಬಾಯಲ್ಲಿ ಹೇಳಲು ಬರಲಿಲ್ಲ. ಕಣ್ಣು ಮುಚ್ಚಿ ‘ಉಳಿಸು’ ಅಂದುಕೊಂಡರೆ ಎಡಗೈ ಬೆರಳು ತಾನಾಗಿ ಒಂದೆಡೆ ಹೋಗಿ ಕೂರುತ್ತಿತ್ತು. ಅದನ್ನು ನೋಡಿ ಬರೆದೆ. ಹೀಗೇ ಒಂದೊಂದಾಗಿ. ನಾನೆಂದೂ ಬಳಸದ ಕೆಲವು ಸಿಗಲೇ ಇಲ್ಲ. ಅವು ಅವರೊಂದಿಗೇ ಹೋದವು. ನನ್ನ ಫೈಲನ್ನು ಮತ್ತೆ ಅವರದಕ್ಕೆ ಜೋಡಿಸಿ, ಊಟ ಬಿಟ್ಟು ಕೂತು ಪ್ರಶ್ನೆಪತ್ರಿಕೆ ಮುಗಿಸಿಕೊಟ್ಟೆ.

ಸಂಜೆ ಪಕ್ಕದ ಮನೆಯ ವಾರಿಜಕ್ಕ ಸಕ್ಕರೆ ಕೇಳಲು ಬಂದಾಗ ಚಹಾ ಸೋಸುತ್ತಿದ್ದೆ. ಬಾಗಿಲಿಗೆ ಒರಗಿ ಸ್ವಲ್ಪ ಹೊತ್ತು ನೋಡಿದರು.

“ನಿನ್ನ ಬಲಗೈಗೆ ಎಂತ ಆಯ್ತು ಮಾರಾಯ್ತಿ, ಎಲ್ಲ ಎಡಗೈಯಲ್ಲೇ ಮಾಡ್ತೀಯಲ್ಲ?”