ಕೊನೆಯ ಪಂಕ್ತಿಯವಳು

ಹೇಮಶ್ರೀಗೆ ಮಾತು ಬರುವುದಿಲ್ಲ ಎಂದರೆ ವಿಜಯನಗರ ನಾಲ್ಕನೇ ಹಂತದಲ್ಲಿ ಯಾರೂ ನಂಬುವುದಿಲ್ಲ. ಅವಳು ಸೊಪ್ಪಿನವಳ ಹತ್ತಿರ ಚೌಕಾಸಿಗೆ ನಿಂತರೆ ಅಕ್ಕಪಕ್ಕದ ಮನೆಯವರು ಚೀಲ ಹಿಡಿದು ಕಾಯುತ್ತಾರೆ, ಅವಳು ಇಳಿಸಿದ ಬೆಲೆಗೆ ತಾವೂ ಕೊಳ್ಳೋಣವೆಂದು. ಅಂಥವಳು ಗಂಗೋತ್ರಿಯ ವಿಶ್ವವಿದ್ಯಾಲಯದಲ್ಲಿ, ಕಂಪನಿಯವರು ಕೆಲಸಕ್ಕೆ ಆರಿಸುವ ಕೋಣೆಯಲ್ಲಿ ಹದಿನೈದು ನಿಮಿಷ ಕೂತು, ಎರಡೇ ಎರಡು ಮಾತಾಡಿ ಎದ್ದು ಬಂದಳು. ಅದಕ್ಕೆ ಕಾರಣ ಹೆದರಿಕೆಯಲ್ಲ, ಇಂಗ್ಲಿಷೂ ಅಲ್ಲ. ಕಾರಣ ಅವಳು ಬೆಳೆದ ಮನೆಯಲ್ಲೇ ಇತ್ತು.

ಅವಳ ತಾತ ಜವರಪ್ಪನವರು ಮಠವೊಂದರ ದಾಸೋಹದಲ್ಲಿ ನಲವತ್ತು ವರ್ಷ ಬಡಿಸಿದವರು. ಕೂಲಿಗಲ್ಲ, ಸೇವೆಗೆ. ಗಿರಣಿಯ ಪಾಳಿ ಮುಗಿಸಿದವರೇ ಪಂಚೆ ಎತ್ತಿಕಟ್ಟಿ ಅನ್ನದ ಬುಟ್ಟಿ ಹಿಡಿಯುತ್ತಿದ್ದರು. ಅಪ್ಪ ಸಿದ್ದಲಿಂಗಸ್ವಾಮಿ ಅಲ್ಲೇ ಸೌಟು ಹಿಡಿಯುವುದನ್ನು ಕಲಿತು, ಈಗ ಮದುವೆ ಮನೆಗಳಿಗೆ ಅಡುಗೆ ಒಪ್ಪಿಕೊಳ್ಳುತ್ತಾರೆ. ಅಮ್ಮ ಪ್ರೇಮಲೀಲಾ ತರಕಾರಿ ಹೆಚ್ಚುವುದರಿಂದ ಹಿಡಿದು ಪಾತ್ರೆ ಎಣಿಸಿ ಗಾಡಿಗೆ ಹಾಕಿಸುವವರೆಗೆ ಅವರ ಜೊತೆ. ಹೇಮಶ್ರೀ ಏಳು ವರ್ಷಕ್ಕೆ ಉಪ್ಪಿನಕಾಯಿ ಬಟ್ಟಲು ಹಿಡಿದು ಪಂಕ್ತಿಗೆ ಇಳಿದವಳು.

ಆ ಮನೆಯಲ್ಲಿ ಒಂದು ಕಟ್ಟು ಇದೆ. ಬಡಿಸುವವರು ಕೊನೆಯ ಪಂಕ್ತಿ ಎದ್ದ ಮೇಲೆ ಉಣ್ಣಬೇಕು. ಅಷ್ಟೇ ಆಗಿದ್ದರೆ ಸುಲಭ. ಪಂಕ್ತಿಯ ಮೂಲೆಯಲ್ಲಿ ತಲೆ ತಗ್ಗಿಸಿ ಕೂತವರ ಎಲೆಗೆ ಬಿತ್ತೇ ಇಲ್ಲವೇ ಎಂದು ಮೊದಲು ನೋಡಬೇಕು. "ಬಾಯಿರೋರು ಕೇಳಿ ಹಾಕುಸ್ಕತಾರೆ. ಕೇಳ್ದೇ ಇರೋರ್ನ ನೋಡಿ ಹಾಕದೇ ಬಡುಸೋದು ಕಣವ್ವ," ಎಂದು ತಾತ ಅವಳಿಗೆ ಎಷ್ಟು ಸಲ ಹೇಳಿದ್ದರೋ. ಇನ್ನೊಂದು ಕಟ್ಟು, ಬಡಿಸಿದ್ದನ್ನು ಹೇಳಿಕೊಳ್ಳಬಾರದು. ನಾನು ಇಷ್ಟು ಜನಕ್ಕೆ ಬಡಿಸಿದೆ ಎಂದು ಬಾಯಿಬಿಟ್ಟರೆ ಸೇವೆ ಅಲ್ಲಿಗೇ ಮುಗಿಯಿತು.

ಹೇಮಶ್ರೀ ಈಗ ಎಂ.ಕಾಂ. ಕೊನೆಯ ವರ್ಷ. ಓದಿನಲ್ಲಿ ಚುರುಕು. ಆದರೆ ಓದಿಗಿಂತ ಅವಳ ತಲೆಯಲ್ಲಿ ಸದಾ ಕೂತಿದ್ದದ್ದು ಅಪ್ಪನ ಬಲಭುಜ. ಹೋದ ದೀಪಾವಳಿಯಿಂದ ಆ ತೋಳು ಮೇಲೇಳುತ್ತಿಲ್ಲ. ಕೊಪ್ಪರಿಗೆ ಕೆದಕುವ ಕೆಲಸ ಬಿಡಿ ಎಂದು ಡಾಕ್ಟರು ಹೇಳಿ ಆಗಿದೆ. "ಮಗು ಕೈಗೊಂದು ಕೆಲ್ಸ ಬರ್ಲಿ, ಅಲ್ಲೀವರ್ಗೂ ತಳ್ತೀನಿ," ಎಂದು ಅಪ್ಪ ಎಡಗೈಯಲ್ಲಿ ಸೌಟು ಹಿಡಿಯುವುದನ್ನು ಕಲಿಯುತ್ತಿದ್ದರು. ಹೀಗಾಗಿ ಅವಳಿಗೆ ಕೆಲಸವೆಂದರೆ ಬರೀ ಸಂಬಳವಲ್ಲ. ಅವಳು ಯಾವ ದಿನ ಕೆಲಸಕ್ಕೆ ಸೇರುತ್ತಾಳೋ ಅವತ್ತು ಅಪ್ಪ ಒಲೆ ಮುಂದಿನಿಂದ ಏಳುತ್ತಾರೆ, ಅಷ್ಟೇ ಲೆಕ್ಕ.

ಕೆಲಸಕ್ಕೆ ಜನರನ್ನು ಆರಿಸಿಕೊಳ್ಳಲು ಅವಳ ವಿಭಾಗಕ್ಕೆ ಆ ವರ್ಷ ಬರುವುದಾಗಿ ಹೇಳಿದ್ದದ್ದು ಎರಡೇ ಕಂಪನಿ. ಒಂದು ಜನವರಿಯಲ್ಲಿ, ಇನ್ನೊಂದು ಮಾರ್ಚಿನಲ್ಲಿ.

ಜನವರಿಯಲ್ಲಿ ಬಂದವರು ಗ್ರೂಪ್ ಡಿಸ್ಕಷನ್ ಇಟ್ಟರು. ಎಂಟು ಜನರನ್ನು ಸುತ್ತ ಕೂರಿಸಿ ಒಂದು ವಿಷಯ ಕೊಡುತ್ತಾರೆ, ಇವರು ತಮ್ಮತಮ್ಮಲ್ಲೇ ಮಾತಾಡಬೇಕು, ಅವರು ನೋಡಿ ಅಂಕ ಹಾಕುತ್ತಾರೆ. ಆನ್‌ಲೈನ್ ವ್ಯಾಪಾರದಿಂದ ಬೀದಿ ಅಂಗಡಿಗಳಿಗೆ ಏಟೇ ಎಂಬುದು ಅವತ್ತಿನ ವಿಷಯ. ಅದರ ಮೇಲೆ ಅರ್ಧ ಗಂಟೆ ಮಾತಾಡುವಷ್ಟು ಹೇಮಶ್ರೀಯ ಹತ್ತಿರ ಇತ್ತು. ಆದರೆ ಕೂತ ಕೂಡಲೇ ಅವಳ ಕಣ್ಣು ತನ್ನಷ್ಟಕ್ಕೆ ಮೂಲೆಗೆ ಹೋಯಿತು. ಅಲ್ಲಿ ಅವಳ ಗೆಳತಿ ಸಮನ್ವಿತಾ ಬೆರಳು ಹಿಸುಕಿಕೊಳ್ಳುತ್ತ ಕೂತಿದ್ದಳು, ಬಾಯಿ ತೆರೆಯುವುದು, ಮುಚ್ಚುವುದು. ಹೇಮಶ್ರೀಗೆ ತಡೆಯಲಾಗಲಿಲ್ಲ. "ಸಮನ್ವಿತಾ ಏನೋ ಹೇಳಬೇಕು ಅಂತಿದ್ದಾರೆ, ಕೇಳೋಣ," ಎಂದಳು. ಸಮನ್ವಿತಾಳ ಅಪ್ಪನದು ದಿನಸಿ ಅಂಗಡಿ. ಒಮ್ಮೆ ಶುರು ಮಾಡಿದವಳು ನಿಲ್ಲಲೇ ಇಲ್ಲ. ಆಮೇಲೆ ಇನ್ನೊಬ್ಬನಿಗೆ, "ನೀವು ಅರ್ಧಕ್ಕೆ ನಿಲ್ಲಿಸಿದಿರಿ, ಮುಗಿಸಿ," ಎಂದಳು. ಎಲ್ಲರದೂ ಆಗಲಿ, ಕೊನೆಗೆ ತನ್ನದು ಹೇಳೋಣವೆಂದು ಕಾದಳು. ಅಷ್ಟರಲ್ಲಿ ಹೊತ್ತು ಮುಗಿದ ಗಂಟೆ ಹೊಡೆಯಿತು.

ಆಯ್ಕೆಯಾದವರ ಪಟ್ಟಿಯಲ್ಲಿ ಸಮನ್ವಿತಾಳ ಹೆಸರಿತ್ತು. ಹೇಮಶ್ರೀಯದು ಇರಲಿಲ್ಲ.

ಕೆಲಸ ಕೊಡಿಸುವ ವಿಭಾಗ ನೋಡಿಕೊಳ್ಳುವ ವಾಗೀಶ ಸರ್ ಅವಳನ್ನು ಕರೆದು ಕೂರಿಸಿಕೊಂಡರು. "ಕಂಪನಿಯವರು ಏನಂದ್ರು ಗೊತ್ತೇನಮ್ಮ? ಆ ಹುಡುಗಿ ತುಂಬಾ ಒಳ್ಳೆಯವರು, ಆದ್ರೆ ಅವರು ಕೆಲಸ ಕೇಳೋಕೆ ಬಂದವರೋ ಕಾರ್ಯಕ್ರಮ ನಡೆಸಿಕೊಡೋಕೆ ಬಂದವರೋ ತಿಳೀಲಿಲ್ಲ ಅಂದ್ರು."

ಹೇಮಶ್ರೀಗೆ ನಗುವೂ ಬಂತು, ಕಣ್ಣೂ ತುಂಬಿತು.

ಕೆಲಸ ಸಿಕ್ಕಿದ್ದು ಸಮನ್ವಿತಾಳಿಗೆ ಸಂತೋಷವೆನಿಸಲಿಲ್ಲ. ಎರಡು ದಿನ ತಪ್ಪಿಸಿಕೊಂಡು ಓಡಾಡಿ, ಮೂರನೇ ದಿನ ಕ್ಯಾಂಟೀನಿನಲ್ಲಿ ಎದುರಿಗೆ ಬಂದು ಕೂತಳು. "ಊರಿಗೆಲ್ಲ ಬಡಿಸಿ ನೀನು ಉಪವಾಸ ಬಂದೆಯಲ್ಲೇ! ನಾನೇನು ನಿನ್ನ ಕೇಳಿದ್ನಾ?"

"ಕೇಳದೆ ಇದ್ದದ್ದಕ್ಕೇ ಹೇಳಿದ್ದು."

"ಅಯ್ಯೋ ಕರ್ಮವೇ. ಮಾರ್ಚಿನೊಳಗೆ ನಿನಗೆ ಈ ರೋಗ ಬಿಡಿಸದೆ ಇದ್ರೆ ನಾನು ಆ ಕೆಲಸಕ್ಕೆ ಹೋಗಲ್ಲ, ನೋಡು."

ಹಾಗೆಂದವಳು ಸುಮ್ಮನಿರಲಿಲ್ಲ. ಮುಹೂರ್ತವಿಲ್ಲದ ಒಂದು ಭಾನುವಾರ ಬೆಳಿಗ್ಗೆಯೇ ಹೇಮಶ್ರೀಯ ಮನೆಗೆ ಬಂದು, ಅಡುಗೆಮನೆಯಲ್ಲೇ ಎಲ್ಲರನ್ನೂ ಸುತ್ತ ಕೂರಿಸಿದಳು. ಫೋನಿನಲ್ಲಿ ಹದಿನೈದು ನಿಮಿಷಕ್ಕೆ ಗಂಟೆ ಇಟ್ಟಳು. "ತಾತ, ಆಂಟಿ, ಅಂಕಲ್, ಎಲ್ಲಾ ಮಾತಾಡ್ಬೇಕು. ವಿಷಯ ಏನು ಅಂದ್ರೆ, ಮದುವೆಗೆ ಪಂಕ್ತಿ ಊಟ ಒಳ್ಳೇದಾ, ಬಫೆ ಒಳ್ಳೇದಾ?"

ತಾತನಿಗೆ ಅಷ್ಟು ಸಾಕಾಯಿತು. "ಬಫೆ ಅಂದ್ರೆ ಊಟವೇನವ್ವ ಅದು? ತಟ್ಟೆ ಹಿಡ್ಕಂಡು ಸಾಲಾಗ್ ನಿಂತ್ಕಂಡು, ಛೆ!"

"ನೀವು ಅಂಗೇ ಅಂತೀರಿ ಮಾವ," ಎಂದರು ಪ್ರೇಮಲೀಲಾ, ಬೀನ್ಸಿನ ನಾರು ಬಿಡಿಸುತ್ತ. "ಬಗ್ಗಿ ಬಗ್ಗಿ ಬಡ್ಸೋರ ಸೊಂಟ ಕೇಳಿ. ಬಫೆ ಕಂಡಿಡಿದೋನಿಗೆ ಪುಣ್ಯ ಬರ್ಲಿ."

"ಸೊಂಟ ನೋವು ಅಂತ ಧರ್ಮ ಬುಡಕ್ಕಾದದಾ?"

"ನಿಮ್ ಧರ್ಮಕ್ಕೆ ನಾನೇ ಅಮೃತಾಂಜನ ಉಜ್ಜಿದ್ದು ಮಾವ, ನೆನಪೈತಾ?"

ಎಲ್ಲರೂ ನಕ್ಕರು. ಹೇಮಶ್ರೀ ಅಪ್ಪನ ಕಡೆ ತಿರುಗಿದಳು. "ಅಪ್ಪ, ನೀವೇನೂ ಹೇಳಲೇ ಇಲ್ಲವಲ್ಲ?"

ಸಮನ್ವಿತಾ ಪಕ್ಕದಲ್ಲಿದ್ದ ತಟ್ಟೆ ಎತ್ತಿ ಟಣ್ಣನೆ ಬಡಿದಳು. "ನೋಡಿದ್ರಾ! ನೋಡಿದ್ರಾ ಆಂಟಿ! ಇವಳ ಮಾತು ಒಂದೂ ಬಂದಿಲ್ಲ, ಆಗಲೇ ಬೇರೆಯವರ ಎಲೆ ನೋಡ್ತಾ ಇದಾಳೆ. ಮೊದಲು ನೀನು ತಗೊಳ್ಳೋದು ಕಲಿಯೇ!"

ಆ ಮಾತಿಗೆ ಜವರಪ್ಪನವರ ನಗು ನಿಂತಿತು. "ಮೊದ್ಲು ಉಣ್ಣದ ಕಲುಸ್ತಾ ಇದೀಯಾ ನಮ್ ಮಗೀಗೆ?" ಎಂದರು. ಗದರಿಸಿದ್ದಲ್ಲ, ನೊಂದು ಕೇಳಿದ್ದು. "ನಲವತ್ತೊರ್ಸ ನಾನು ಇದ್ನ ಬ್ಯಾಡ ಅಂತಾನೇ ಏಳ್ಕೊಟ್ಟಿದ್ದು."

ಸಮನ್ವಿತಾಳಿಗೆ ನಾಲಗೆ ಕಚ್ಚಿಕೊಳ್ಳುವಂತಾಯಿತು. ಹೇಮಶ್ರೀ ನೆಲ ನೋಡಿದಳು. ತಾತ ಹೇಳಿದ್ದೂ ಸರಿಯೇ, ಗೆಳತಿ ಹೇಳಿದ್ದೂ ಸರಿಯೇ ಅನ್ನಿಸಿ ಅವಳಿಗೆ ಎಲ್ಲಿ ಕಾಲಿಡಬೇಕೋ ತಿಳಿಯಲಿಲ್ಲ.

ಆಗ ಸಿದ್ದಲಿಂಗಸ್ವಾಮಿ ತಂದೆಯ ಕಡೆ ತಿರುಗಿದರು. "ಅಯ್ಯ, ಮದ್ವೆ ಮನೇಲಿ ಸಾರಿಗೆ ಉಪ್ಪು ಯಾರು ನೋಡ್ತಾರೆ?"

"ನೀನೇ ನೋಡ್ತೀಯ."

"ಪಂಕ್ತಿ ಕೂರೋಕೆ ಮುಂಚೆ, ಒಂದ್ ತೊಟ್ಟು ಅಂಗೈಗೆ ಹಾಕ್ಕಂಡು ನೋಡ್ತೀನಿ. ಅದನ್ನ ನಾನು ಮೊದ್ಲು ಉಂಡೆ ಅಂತೀಯಾ? ನೋಡ್ದೆ ಕಳುಸಿದ್ರೆ ಇನ್ನೂರು ಜನ ಮುಖ ಕಿವುಚ್ತಾರೆ."

"ಮಠದಾಗೆ ಮುಂಚೆ ಬಾಯ್ಗಿಕ್ಕಂಗಿಲ್ಲ."

"ಮಠದಲ್ಲಿ ಇಲ್ಲ. ಮದ್ವೆ ಮನೇಲಿ ಐತೆ. ಎರಡೂ ನೀನೇ ಕಲ್ಸಿದ್ದು." ಅಪ್ಪ ಮಗಳ ಕಡೆ ನೋಡಿದರು. "ಒಂದ್ ತೊಟ್ಟು ಮೊದ್ಲು. ಆಮೇಲೆ ನಿನ್ ಬುದ್ಧಿ ಎಂಗೋ ಅಂಗೆ ಮಾಡು ಮಗಾ. ಯಾರ್ನೂ ಬುಡಬ್ಯಾಡ."

ಜವರಪ್ಪನವರು ಎದ್ದು ಜಗಲಿಗೆ ಹೋಗಿ ಪೇಪರು ಬಿಡಿಸಿಕೊಂಡರು. ಮಧ್ಯಾಹ್ನದವರೆಗೂ ಅದೇ ಪುಟ.

ಮಾರ್ಚ್ ಬಂತು. ಈ ಸಲದ ಕಂಪನಿ ದೊಡ್ಡ ದೊಡ್ಡ ಅಂಗಡಿಗಳ, ಆಸ್ಪತ್ರೆಗಳ ದಾಸ್ತಾನು ಲೆಕ್ಕ ನೋಡಿಕೊಡುವವರದು. ಕಚೇರಿ ರಿಂಗ್ ರಸ್ತೆಯಲ್ಲೇ ಇತ್ತು. ಮೂರು ಜನರನ್ನು ಮಾತ್ರ ತೆಗೆದುಕೊಳ್ಳುತ್ತಾರೆ ಎಂದು ವಾಗೀಶ ಸರ್ ಮೊದಲೇ ಹೇಳಿಬಿಟ್ಟಿದ್ದರು. ಇದೂ ತಪ್ಪಿದರೆ ಪರೀಕ್ಷೆ ಮುಗಿದ ಮೇಲೆ ಒಬ್ಬಳೇ ಕಚೇರಿಯಿಂದ ಕಚೇರಿಗೆ ಅಲೆಯಬೇಕು, ಅಪ್ಪ ಇನ್ನೊಂದು ವರ್ಷ ಎಡಗೈಯಲ್ಲಿ ತಳ್ಳಬೇಕು.

ಒಂಬತ್ತು ಜನ ಕೂತರು. ವಿಷಯ ಹೇಳಿದರು, ಮನೆಯಿಂದ ಕೆಲಸವೋ ಕಚೇರಿಯಿಂದ ಕೆಲಸವೋ. ಹೇಮಶ್ರೀ ಮೂಲೆಗೆ ಕಣ್ಣು ಹೋಗದಂತೆ ಮೇಜಿನ ಮೇಲಿನ ತನ್ನ ಕೈ ನೋಡಿಕೊಂಡು, ಯಾರೂ ಶುರು ಮಾಡುವ ಮೊದಲೇ ಶುರು ಮಾಡಿದಳು. ಬೇರೆಯವರ ಎಲೆಯಿಂದ ತುತ್ತು ಕಿತ್ತುಕೊಂಡಷ್ಟು ನಾಚಿಕೆಯಾಯಿತು. ಕಿವಿ ಬಿಸಿಯಾದವು. ಆದರೂ ನಿಲ್ಲಿಸಲಿಲ್ಲ. ಕೈಯಿಂದ ಮುಟ್ಟಿ ನೋಡಬೇಕಾದ ಕೆಲಸ ಯಾವುದು, ದೂರದಿಂದ ನಡೆಯುವಂಥದ್ದು ಯಾವುದು, ಇದನ್ನು ಬೇರೆ ಮಾಡದೆ ಮಾತಾಡಿದರೆ ಪ್ರಯೋಜನವಿಲ್ಲ ಎಂದಳು. ನಾಲ್ಕೇ ವಾಕ್ಯ. ನೀಲಿ ಟೈ ಕಟ್ಟಿದ್ದ ಒಬ್ಬ ತಕ್ಷಣ ಅದನ್ನೇ ಹಿಡಿದು ಜೋರುದನಿಯಲ್ಲಿ ತನ್ನದೆಂಬಂತೆ ಹೇಳಿದ. ಹೇಮಶ್ರೀ ಅವನ ಮಾತು ಮುಗಿಯುವುದನ್ನು ಕಾದು, "ನಾನು ಹೇಳಿದ್ದನ್ನೇ ಇವರು ಮುಂದುವರಿಸಿದರು, ಅದಕ್ಕೆ ಇನ್ನೊಂದು ಸೇರಿಸುತ್ತೇನೆ," ಎಂದು ಎರಡನೆಯದನ್ನೂ ಹೇಳಿದಳು. ಆಮೇಲೇ ತಲೆಯೆತ್ತಿ ಸುತ್ತ ನೋಡಿದ್ದು. ಲಾಸ್ಯ ಎಂಬ ಹುಡುಗಿ ಒಂದಕ್ಷರವನ್ನೂ ಆಡಿರಲಿಲ್ಲ. "ಲಾಸ್ಯ, ನೀವು?" ಎಂದಳು.

ಬಡಿಸುವ ಬುದ್ಧಿ ಎಲ್ಲಿ ಹೋಗುತ್ತದೆ!

ಮಧ್ಯಾಹ್ನ ಒಬ್ಬೊಬ್ಬರನ್ನೇ ಕರೆದರು. ಒಳಗೆ ಕೂತಿದ್ದವರು ಪದ್ಮಾವತಿ ಎಂಬ ಹಿರಿಯ ಅಧಿಕಾರಿ, ನರೆತ ಕೂದಲು, ನಗದ ಮುಖ. "ಆ ಹುಡುಗಿ ನಿಮ್ಮ ಎದುರಾಳಿ ಅಲ್ಲವೇ? ಯಾಕೆ ಮಾತಾಡಲು ಕರೆದಿರಿ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಅವರಿಗೆ ಗೊತ್ತಿದ್ದದ್ದು ನಮ್ಮ ಗುಂಪಿಗೆ ಸಿಗದೆ ಹೋಗ್ತಿತ್ತು ಮೇಡಂ. ನನ್ನದು ನಾನು ಹೇಳಿ ಆಗಿತ್ತು."

ಪದ್ಮಾವತಿ ಅವಳ ಅರ್ಜಿಯ ಮೇಲೆ ಬೆರಳಿಟ್ಟರು. "ಅನುಭವದ ಜಾಗದಲ್ಲಿ ಗೆರೆ ಎಳೆದಿದ್ದೀರಿ. ಏನೂ ಮಾಡಿಲ್ವಾ?"

ಇಲ್ಲ ಎನ್ನುವುದು ನಾಲಗೆಯ ತುದಿಗೆ ಬಂದಿತ್ತು. ಹದಿನೈದು ವರ್ಷ ಮಾಡಿದ್ದನ್ನು ಅವಳು ಯಾರ ಮುಂದೆಯೂ ಹೇಳಿಕೊಂಡವಳಲ್ಲ. ತಾತನ ಮುಖ ಕಣ್ಣಿಗೆ ಬಂತು, ಅಪ್ಪನ ಭುಜವೂ ಬಂತು. ಎರಡನ್ನೂ ನೋಡಿ ಹೇಳಿದಳು. "ಮದುವೆ ಅಡುಗೆ ಮೇಡಂ. ಮೊದಲನೇ ಪಂಕ್ತಿ ಊಟ ಮಾಡೋದು ನೋಡಿ, ಇನ್ನೆಷ್ಟು ಅಕ್ಕಿ ಹಾಕಬೇಕು ಅಂತ ಅಪ್ಪನಿಗೆ ಹೇಳೋದು ನಾನು." ಇಂಗ್ಲಿಷಿನಲ್ಲಿ ಶುರುವಾದದ್ದು ಪಂಕ್ತಿಯ ಹೊತ್ತಿಗೆ ಕನ್ನಡವಾಗಿತ್ತು. ಎಷ್ಟು ಜನ ಎರಡನೇ ಸಲ ಅನ್ನ ಹಾಕಿಸಿಕೊಂಡರು, ಮಕ್ಕಳೆಷ್ಟು, ಹೊರಗೆ ನಿಂತವರೆಷ್ಟು, ಇಷ್ಟನ್ನು ನೋಡುತ್ತಾಳಂತೆ.

"ತಪ್ಪಿದ್ದೇ ಇಲ್ವಾ?"

"ಎರಡು ಸಲ ತಪ್ಪಿದೆ. ಒಂದ್ಸಲ ಮಳೆ ಬಂದು ಜನ ಬರಲಿಲ್ಲ, ಅನ್ನ ಉಳೀತು. ಇನ್ನೊಂದು ನನ್ನದೇ ತಪ್ಪು. ಗಂಡಿನ ಕಡೆಯಿಂದ ಎರಡು ಬಸ್ಸು ಅಂದ್ರು, ನಂಬಿದೆ. ಮೂರು ಬಂತು. ಬಾಗಿಲಿಗೆ ಹೋಗಿ ಕಣ್ಣಾರೆ ನೋಡಬೇಕಿತ್ತು. ಆಮೇಲಿಂದ ನೋಡ್ತೀನಿ."

ಪದ್ಮಾವತಿ ಏನೋ ಬರೆದುಕೊಂಡರು. ನಗಲಿಲ್ಲ. "ಸರಿ, ಹೋಗಿ ಬನ್ನಿ," ಎಂದರು.

ಹನ್ನೊಂದು ದಿನ ಸುದ್ದಿಯಿಲ್ಲ. ಹನ್ನೆರಡನೇ ದಿನ ಲೈಬ್ರರಿಯಲ್ಲಿ ಓದುತ್ತಿದ್ದಾಗ ಫೋನಿಗೆ ಪತ್ರ ಬಂತು. ಮೂವರಲ್ಲಿ ಅವಳೊಬ್ಬಳು. ನೀಲಿ ಟೈನವನೂ ಇದ್ದ. ಲಾಸ್ಯ ಇರಲಿಲ್ಲ. ಹೇಮಶ್ರೀ ಸಂತೋಷಪಡುವ ಮುಂಚೆ ಲಾಸ್ಯಳ ಹೆಸರಿಗಾಗಿ ಎರಡು ಸಲ ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಅವಳಿಗೆ ಫೋನು ಮಾಡಿ, ತನಗೆ ಗೊತ್ತಿದ್ದ ಇನ್ನೆರಡು ಕಂಪನಿಗಳ ವಿಳಾಸ ಹೇಳಿದಳು. ಅದರಿಂದ ಆ ಹುಡುಗಿಗೆ ಸಮಾಧಾನವಾಯಿತೋ ಇಲ್ಲವೋ, ದನಿಯಿಂದ ತಿಳಿಯಲಿಲ್ಲ.

ಮನೆಗೆ ಬಂದಾಗ ಅಪ್ಪ ಜಗಲಿಯಲ್ಲಿ ಭುಜಕ್ಕೆ ಬಿಸಿನೀರಿನ ಚೀಲ ಇಟ್ಟುಕೊಂಡು ಕೂತಿದ್ದರು. ಪಕ್ಕದಲ್ಲಿ ತಾತ.

"ಅಪ್ಪ, ಆಯ್ತು. ಜೂನ್ ಒಂದನೇ ತಾರೀಕಿಂದ."

ಒಳಗಿದ್ದ ಪ್ರೇಮಲೀಲಾ ಒದ್ದೆ ಕೈಯಲ್ಲೇ ಓಡಿಬಂದರು. ಜವರಪ್ಪನವರು ಮೊಮ್ಮಗಳನ್ನು ನೋಡಿ, "ಬಡ್ಸದ್ನ ಅವ್ರು ಕೇಳಿದ್ರಾ, ನೀನೇ ಏಳ್ಕಂಡ್ಯಾ?" ಎಂದರು.

"ಕೇಳಿದ್ರು ತಾತ. ನಾನೇ ಹೇಳ್ಕೊಂಡೆ."

"ಕೇಳಿದ್ಮ್ಯಾಲೆ ಏಳ್ಬೇಕು ಬುಡು," ಎಂದರು ತಾತ.

ಇವರು ಮಾತಾಡುತ್ತಿರುವಾಗಲೇ ಅಪ್ಪನ ಫೋನು ಬಡಿದುಕೊಂಡಿತು. ಕಲ್ಯಾಣ ಮಂಟಪದ ಮರಿಯಯ್ಯ, ವರ್ಷಕ್ಕೆ ಹತ್ತು ಮದುವೆಯ ಅಡುಗೆ ಕೊಡಿಸುವವನು. ಜೂನ್ ಎಂಟಕ್ಕೆ ದೊಡ್ಡ ಮದುವೆಯಂತೆ. ಸಿದ್ದಲಿಂಗಸ್ವಾಮಿ ಮಗಳ ಮುಖ ನೋಡಿದರು, ಬಿಸಿನೀರಿನ ಚೀಲ ಕೆಳಗಿಟ್ಟರು. "ಇಲ್ಲ ಕಣಪ್ಪಾ ಮರಿಯಯ್ಯ. ಮೇ ತಿಂಗಳದ್ದು ಒಪ್ಕಂಡಿರೋದು ಮುಗುಸ್ಕೊಡ್ತೀನಿ. ಜೂನ್‌ನಿಂದಾಚೆಗೆ ಬೇರೆಯವರ್ನ ನೋಡ್ಕೊ."

"ಅಂದ್ಬುಟ್ರಾ?" ಎಂದರು ಪ್ರೇಮಲೀಲಾ.

"ಅಂದ್ಬುಟ್ಟೆ." ಮೂವತ್ತು ವರ್ಷದಲ್ಲಿ ಬಂದ ಅಡುಗೆಯನ್ನು ಬೇಡವೆಂದದ್ದು ಅದೇ ಮೊದಲು. ಕೈ ಎಲ್ಲಿಟ್ಟುಕೊಳ್ಳಬೇಕೋ ತಿಳಿಯದೆ ಅವರು ತೊಡೆಯ ಮೇಲಿಟ್ಟುಕೊಂಡರು.

ಪರೀಕ್ಷೆಯಲ್ಲಿ ಪಾಸಾದರೆ ಮಾತ್ರ ಕೆಲಸ ಎಂದು ಪತ್ರದ ಕೊನೆಯಲ್ಲಿ ಬರೆದಿತ್ತು. ಅದನ್ನು ಓದಿ ಹೇಳುವಷ್ಟರಲ್ಲಿ ಅಪ್ಪ ಇಲ್ಲ ಎಂದುಬಿಟ್ಟಿದ್ದರು. ಹೇಮಶ್ರೀ ಅದನ್ನು ಈಗ ಹೇಳಲಿಲ್ಲ. ಪರೀಕ್ಷೆಗೆ ಇನ್ನು ಹದಿನೆಂಟು ದಿನ. ಒಳಗೆ ಹೋಗಿ ಬ್ಯಾಗು ಬಿಚ್ಚಿ, ಲೈಬ್ರರಿಯಲ್ಲಿ ಅರ್ಧಕ್ಕೆ ಬಿಟ್ಟ ಪುಟ ತೆಗೆದಳು.