ಕಾಕಾನ ಬೀಟಾ ತಕರಾರುಗಳು

ಹೊಸ ಸಾಫ್ಟ್‌ವೇರ್ ಎಲ್ಲರಿಗೂ ಬರುವ ಮೊದಲೇ ನನ್ನ ಫೋನಿಗೆ ಹಾಕಿಕೊಳ್ಳುವ ಚಟ ನನಗಿದೆ. ಅದಕ್ಕೆ ಬೀಟಾ ಅನ್ನುತ್ತಾರೆ. ಅರ್ಧ ಬೆಂದ ಅಡಿಗೆ ಇದ್ದಂತೆ. ಎಲ್ಲಿ ಹಸಿ ಉಳಿದಿದೆ ಅಂತ ತಿಂದವರೇ ಹೇಳಬೇಕು. ಜಮಖಂಡಿಯ ನಮ್ಮ ಮನೆಯಲ್ಲಿ ಈ ಚಟ ಯಾರಿಗೂ ಅಂಟಿರಲಿಲ್ಲ, ಕಾಕಾನಿಗೆ ಅಂಟುವವರೆಗೆ.

ಕಾಕಾ ಅಂದರೆ ನನ್ನ ಅಪ್ಪನ ತಮ್ಮ. ಬೀಳಗಿಯ ಒಂದು ಸರಕಾರಿ ಕಚೇರಿಯಲ್ಲಿ ಜನರ ತಕರಾರು ಅರ್ಜಿ ತೆಗೆದುಕೊಳ್ಳುವ ಟೇಬಲ್ಲಿನ ಹಿಂದೆಯೇ ನೌಕರಿ ಪೂರ್ತಿ ಮುಗಿಸಿ ನಿವೃತ್ತರಾದವರು. ಒಂದು ಮುಂಜಾನೆ ಚಹಾ ಕುಡಿಯುತ್ತ ನನ್ನ ಫೋನು ನೋಡಿದರು.

"ಇದೇನ ಬೇ, ನಿನ್ನ ಫೋನು ಬ್ಯಾರೇನ ಕಾಣತೈತಿ?"

"ಬೀಟಾ ಹಾಕೇನಿ ಕಾಕಾ."

"ಯಾರ ಬೇಟಾ?"

ವಿವರಿಸಿ ಹೇಳಿದೆ. ತನಗೂ ಹಾಕು ಅಂದರು. "ಬ್ಯಾಡ್ರಿ, ಇದರಾಗ ತಪ್ಪು ಭಾಳ ಇರ್ತಾವ" ಅಂದೆ.

"ತಪ್ಪಿಲ್ಲದ್ದು ಯಾವುದರ ಇದ್ರ ಹೇಳು, ಅದನ್ನ ಹಾಕಸ್ಕೊಂತೇನಿ."

ಹಾಕಿದೆ. ಫೋನು ಆರಿ, ಹತ್ತಿ, ಒಂದು ಸಣ್ಣ ಗೆರೆ ಇರುವೆಯಂತೆ ಮುಂದೆ ಸರಿಯುವಷ್ಟು ಹೊತ್ತೂ ಕಾಕಾ ಅದರ ಎದುರು ಕೈಕಟ್ಟಿ ಕೂತರು. ಅವರ ಹೆಂಡತಿ, ನಮ್ಮ ಕಾಕುಗೆ ಮಿಕ್ಸರ್ ಹಚ್ಚಲು ಬಿಡಲಿಲ್ಲ, ಫ್ಯೂಸ್ ಹೋದೀತು ಅಂತ. ಫೋನು ಬ್ಯಾಟರಿಯ ಮೇಲೆ ನಡೆದಿದೆ ಅಂದರೂ ಕೇಳಲಿಲ್ಲ. ಅಂದಿನ ಚಟ್ನಿಯನ್ನು ಕಾಕು ಒರಳಿನಲ್ಲಿ ರುಬ್ಬಿದರು.

ಮರುದಿನವೇ ಹಸಿ ಜಾಗಗಳು ಸಿಕ್ಕವು. ಕನ್ನಡದ ಒತ್ತಕ್ಷರಗಳೆಲ್ಲ ಕಳಚಿಕೊಂಡು ಪಕ್ಕದಲ್ಲಿ ನಿಂತವು. ಫೋನನ್ನು ಬೋರಲು ಇಟ್ಟರೆ ಟಾರ್ಚು ಹತ್ತುತ್ತಿತ್ತು. ಕಾಕಾ ಸಿಟ್ಟಾಗಲಿಲ್ಲ. "ಇದನ್ನ ಯಾರಿಗೆ ಹೇಳೂದು?" ಅಂತಷ್ಟೇ ಕೇಳಿದರು. ಬೀಟಾ ಹಾಕಿಕೊಂಡವರಿಗೆ ಮಾತ್ರ ಕಾಣುವ ಒಂದು ನೇರಳೆ ಗುರುತು ತೋರಿಸಿದೆ. ಒತ್ತಿದರೆ ಒಂದು ಪುಟ ತೆರೆಯುತ್ತದೆ. ನಿಮಗೇನು ತೊಂದರೆ? ಏನಾಗಬೇಕೆಂದು ಬಯಸಿದ್ದಿರಿ? ವಾಸ್ತವದಲ್ಲಿ ಏನಾಯಿತು?

ಕಾಕಾ ಚಷ್ಮಾ ತೆಗೆದು ಒರೆಸಿಕೊಂಡು ಇನ್ನೊಮ್ಮೆ ಓದಿದರು.

"ನನ್ನ ಸರ್ವಿಸ್‌ನ್ಯಾಗ ಇಷ್ಟ ಮರ್ಯಾದಿಲೆ ನಾವು ಯಾರನ್ನೂ ಕೇಳಿಲ್ಲ ಬೇ" ಅಂದರು.

ಮೊದಲ ತಕರಾರನ್ನು ನನ್ನ ಎದುರೇ ಬರೆದರು. 'ಮಾನ್ಯರೆ, ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಕನ್ನಡದ ಒತ್ತಕ್ಷರಗಳು ತಮ್ಮ ಸ್ಥಾನ ತ್ಯಜಿಸಿರುತ್ತವೆ.' ಚಹಾ ಆರುವ ಮೊದಲೇ ಪೋಚು, ಅಂದರೆ ಅರ್ಜಿ ಮುಟ್ಟಿದ ರಸೀದಿ, ಬಂತು: ನಿಮ್ಮ ತಕರಾರು ತಲುಪಿದೆ, ಧನ್ಯವಾದ. ಕಾಕಾ ಅದನ್ನು ಕಾಕುಗೆ, ಹಾಲಿನವನಿಗೆ, ಗೇಟಿನಾಚೆ ಹೋಗುತ್ತಿದ್ದ ಪಕ್ಕದ ಮನೆಯವರಿಗೆ ತೋರಿಸಿದರು. ನೌಕರಿಯಲ್ಲಿದ್ದಾಗ ಕಾಕಾನ ಕೈಯಿಂದ ಊರಿಗೆಲ್ಲ ಪೋಚು ಹೋಗಿತ್ತು. ಅವರ ಕೈಗೆ ಬಂದದ್ದು ಇದೇ ಮೊದಲು.

ಕಾಕಾನ ಫೋನಿಗೆ ನನ್ನ ಇಮೇಲನ್ನೇ ಕೊಟ್ಟಿದ್ದೆ, ಹಾಗಾಗಿ ಉತ್ತರಗಳು ಇಂಗ್ಲಿಷಿನಲ್ಲಿ ನನಗೆ ಬರುತ್ತಿದ್ದವು. ಒಂದು ಮಧ್ಯಾಹ್ನ ನನ್ನ ಝೆರಾಕ್ಸ್ ಅಂಗಡಿಯಲ್ಲಿ ಕೂತು ಓದಿದೆ: 'ರೊಟ್ಟಿ ದಪ್ಪವಾಗುವ ನಿಮ್ಮ ಸಮಸ್ಯೆ ನಮ್ಮಲ್ಲಿ ಕಂಡುಬರಲಿಲ್ಲ. ಅದು ಯಾವ ಹಂತದಲ್ಲಿ ಆಗುತ್ತದೆ, ದಯವಿಟ್ಟು ತಿಳಿಸಿ.' ಅಂಗಡಿಗೆ ಬೀಗ ಹಾಕಿ ಮನೆಗೆ ಬಂದೆ.

"ಕಾಕಾ, ಇದು ಫೋನಿನ ತಕರಾರಿಗೆ ಅಷ್ಟ ಐತ್ರಿ."

"ಹಂಗಂತ ಎಲ್ಲೆ ಬರದೈತಿ? ನಿಮಗೇನು ತೊಂದರೆ ಅಂತ ಕೇಳ್ಯಾರ."

ಪುಟ ತೆರೆದು ನೋಡಿದೆ. ಖರೆನೇ, ಎಲ್ಲೂ ಬರೆದಿರಲಿಲ್ಲ. ಉತ್ತರ ಓದಿ ಹೇಳಿದೆ. ಕಾಕಾ ವಿಚಾರ ಮಾಡಿ, "ಅವರ ಮನಿಯಾಗ ತೆಳ್ಳಗ ಬಂದಿರಬೇಕು" ಅಂದರು.

"ಹಂಗಾದ್ರ ಅಲ್ಲೇ ಹೋಗಿ ಉಣ್ಣಂತ ಹೇಳು" ಎಂದು ಒಳಗಿನಿಂದ ಕಾಕು ಅಂದರು.

ಆದರೂ ಹಂತಗಳನ್ನು ಬರೆಯಬೇಕಿತ್ತಲ್ಲ. ಕಾಕಾ ಮಣೆ ಹಾಕಿಕೊಂಡು ಒಲೆಯ ಪಕ್ಕ ಕೂತರು. ಹಿಟ್ಟಿಗೆ ನೀರು ಎಷ್ಟು ಬಿಸಿ, ನಾದುವುದು ಎಷ್ಟು ಹೊತ್ತು, ಬಡಿಯುವಾಗ ಕೈ ಯಾವ ಕಡೆ ತಿರುಗುತ್ತದೆ, ಎಲ್ಲ ಕೇಳಿದರು. ಕಾಕುಗೆ ಅವರ ರೊಟ್ಟಿಯ ಬಗ್ಗೆ ಇಷ್ಟು ಪ್ರಶ್ನೆ ಯಾರೂ ಕೇಳಿರಲಿಲ್ಲ. ಮೊದಲು ಗುರುಗುಟ್ಟಿದರು, ಆಮೇಲೆ ಬಿಡಿಸಿ ಬಿಡಿಸಿ ಹೇಳಿದರು. ಅವತ್ತಿನ ರೊಟ್ಟಿ ಹಾಳೆಯಂತೆ ಬಂದವು. ಸಂಜೆ ಕಾಕಾ ಬರೆದು ಕಳಿಸಿದರು: 'ಸದರಿ ಸಮಸ್ಯೆಯು ತಮ್ಮ ವಿಚಾರಣೆಯ ತರುವಾಯ ನಿವಾರಣೆಯಾಗಿರುತ್ತದೆ.'

ಸುದ್ದಿ ಹಬ್ಬಿತು. ಬನಹಟ್ಟಿಯಲ್ಲಿ ಪವರ್‌ಲೂಮ್ ಇಟ್ಟುಕೊಂಡ ಕಾಕಾನ ಬೀಗರೊಬ್ಬರು, ನಡುವೆಯೇ ಕರೆಂಟು ಹೋಗಿ ಮಗ್ಗ ನಿಲ್ಲುತ್ತದೆಂದು ಬರೆಸಿದರು. ಒಮ್ಮೆ ಆರಿಸಿ ಮತ್ತೆ ಶುರು ಮಾಡಿ ನೋಡಿ ಎಂದು ಉತ್ತರ ಬಂತು. ಅವರು ಆರಿಸಿ ಶುರು ಮಾಡಿದರು. ಅಷ್ಟರಲ್ಲಿ ಕರೆಂಟು ಬಂದಿತ್ತು, ಮಗ್ಗ ನಡೆಯಿತು. ಬೀಗರು ಫೋನು ಮಾಡಿ, "ಭಾರಿ ಮಂದಿ ಅದಾರ ಬಿಡ್ರಿ" ಅಂದರು.

ಅದಾದ ಮೇಲೆ ಮುಧೋಳದ ಅತ್ಯಾ ಫೋನು ಮಾಡಿದರು. ಅವರು ಕಾಕಾನ ಅಕ್ಕ. ಮಾಮಾ, ಅಂದರೆ ಅವರ ಗಂಡ, ಆಸೆಪಟ್ಟು ಮುಧೋಳ ತಳಿಯದೇ ನಾಯಿ ಸಾಕಿದ್ದರು. ಆ ನಾಯಿ ಅಂದರೆ ಮೊಲದ ಹಿಂದೆ ಬಾಣದಂತೆ ಓಡಬೇಕು. ಇದು ಕೋಳಿ ಕಂಡರೆ ಹೊರಸು ಮಂಚದ ಕೆಳಗೆ ನುಸುಳುತ್ತಿತ್ತು. ಮಂದಿ ನಗುತ್ತಾರೆ, ಇದನ್ನು ಯಾರಿಗಾದರೂ ಕೊಟ್ಟುಬಿಡುತ್ತೇನೆ ಅಂತ ಮಾಮಾ ಹಟ ಹಿಡಿದಿದ್ದರು.

"ತಮ್ಮಾ, ನಾಯಿದೊಂದು ಬರಿಯೋ" ಅಂದರು ಅತ್ಯಾ. ಅವರ ದನಿ ಸಣ್ಣಗಾಗಿತ್ತು.

ಕಾಕಾ ಬರೆದರು. ವಿಡಿಯೋ ಇದ್ದರೆ ಕಳಿಸಿ ಎಂದು ಉತ್ತರ ಬಂತು. ನಾನೂ ಕಾಕಾನೂ ಬಸ್ಸು ಹತ್ತಿ ಮುಧೋಳಕ್ಕೆ ಹೋದೆವು. ನಾನು ಯಾಕೆ ಹೋದೆ ಅಂತ ಈಗಲೂ ಹೇಳಲಾರೆ. ಅಂಗಳದಲ್ಲಿ ಉದ್ದ ಕಾಲಿನ, ಬಳುಕುವ ನಡುವಿನ ನಾಯಿ ರಾಜನಂತೆ ನಿಂತಿತ್ತು. ಅತ್ಯಾ ಪಕ್ಕದ ಮನೆಯ ಕೋಳಿ ತಂದು ಬಿಟ್ಟರು. ರಾಜ ಹೊರಸಿನ ಕೆಳಗೆ ಹೋದ. ಬೀಟಾ ಕ್ಯಾಮೆರಾ ಬರೀ ಕೋಳಿಯ ದನಿ ಹಿಡಿದಿತ್ತು, ಚಿತ್ರವಿಲ್ಲ. ಮತ್ತೊಮ್ಮೆ ಬಿಟ್ಟರು. ಈ ಸಲ ಚಿತ್ರ ತಲೆಕೆಳಗೆ ಬಂತು. ಅಷ್ಟರಲ್ಲಿ ಕೋಳಿಗೆ ಧೈರ್ಯ ಬಂದು ಅದೇ ಹೊರಸಿನ ಕೆಳಗೆ ನುಗ್ಗಿತು. ನಾಯಿ ಹೊರಗೆ ಹಾರಿ ಕಾಕಾನ ಹಿಂದೆ ನಿಂತು ನಡುಗಿತು. ಕಾಕಾ ಒಂದು ಕೈಯಲ್ಲಿ ಅದರ ತಲೆ ಸವರುತ್ತ ಇನ್ನೊಂದು ಕೈಯಲ್ಲಿ ವಿಡಿಯೋ ತೆಗೆದರು. ಕಟ್ಟೆಯ ಮೇಲೆ ಕೂತಿದ್ದ ಮಾಮಾ ಮುಖ ತಿರುಗಿಸಿಕೊಂಡೇ ಇದ್ದರು.

ಕೆಲವು ದಿನಕ್ಕೆ ಉತ್ತರ ಬಂತು. 'ಪರಿಶೀಲಿಸಿದ್ದೇವೆ. ಇದು ದೋಷವಲ್ಲ. ಅದು ಹೀಗೆಯೇ ವರ್ತಿಸುವಂತೆ ರೂಪಿಸಲಾಗಿದೆ.' ಸರಿಪಡಿಸಲಾಗದ ತಕರಾರಿಗೆಲ್ಲ ಕಂಪನಿಯವರು ಹಚ್ಚುವ ಮಾತು ಅದು ಅಂತ ನನಗೆ ಗೊತ್ತಿತ್ತು. ಹೇಳಲಿಲ್ಲ. ಕಾಕಾ ಮಾಮಾಗೆ ಫೋನು ಹಚ್ಚಿ ನನ್ನಿಂದ ಓದಿಸಿದರು.

ಮಾಮಾ ಇನ್ನೊಮ್ಮೆ ಓದಿಸಿ ಕೇಳಿದರು. "ಲಿಖಿತದಾಗ ಐತೇನು?"

"ಐತ್ರಿ ಮಾಮಾ."

"ಹಂಗಾದ್ರ ಒಂದು ಪ್ರಿಂಟ್ ಕಳಸ್ರಿ."

ಕಳಿಸಿದೆ. ನಗಲು ಬಂದವರಿಗೆ ಮಾಮಾ ಆ ಕಾಗದ ತೋರಿಸುತ್ತಾರಂತೆ. ಇಂಗ್ಲಿಷ್ ನೋಡಿ ಮಂದಿ ಸುಮ್ಮನಾಗುತ್ತಾರಂತೆ. ನಾಯಿಯನ್ನು ಯಾರಿಗೂ ಕೊಡಲಿಲ್ಲ.

ಮುಂದೆ ಬೀಟಾ ಮುಗಿದು ಪೂರ್ತಿಯಾದ ಸಾಫ್ಟ್‌ವೇರ್ ಎಲ್ಲರಿಗೂ ಬಂತು. ಕಾಕಾನ ಫೋನು ಸುಮ್ಮನೆ ನೆಟ್ಟಗೆ ನಡೆಯತೊಡಗಿತು, ನೇರಳೆ ಗುರುತು ಮಾಯವಾಯಿತು. ಅವರು ಬೇಜಾರು ಮಾಡಿಕೊಂಡಾರು ಅಂತ, "ಇನ್ನೊಂದು ಬೀಟಾ ಬರ್ತೈತ್ರಿ ಕಾಕಾ, ಹಾಕಿಕೊಡ್ತೇನಿ" ಅಂದೆ.

"ಈಗ ಬ್ಯಾಡ ಬೇ" ಅಂದರು. "ಅಲ್ಲೆ ಟೇಬಲ್ಲಿನ ಹಿಂದ ಯಾವನೋ ಒಬ್ಬಾವ ಕುಂತು ಇದನ್ನೆಲ್ಲಾ ಓದಿರಬೇಕು. ಸ್ವಲ್ಪ ದಿವಸ ಅವಂಗ ಆರಾಮ ಸಿಗಲಿ."

ಅಷ್ಟು ಹೇಳಿ ಪೇಪರು ಬಿಚ್ಚಿಕೊಂಡು ಅಂಗಳಕ್ಕೆ ಹೋದರು.