ಕುಂಕುಮದ ಕರಟ

ಶಶಿರೇಖಾಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಅದಕ್ಕೇ ಇರಬೇಕು, ಹೇಳಿದ ಒಂದೇ ಒಂದು ಸುಳ್ಳು ಅವಳನ್ನು ಮೂರು ತಿಂಗಳು ಹುರಿದು ಮುಕ್ಕಿತು.

ಹಳೇ ಮತ್ತಿಕೆರೆಯ ದಾಸಪ್ಪನ ಮಗಳು ಆಕೆ. ಮನೆಯಿಂದ ನಡೆದು ಹೋಗುವಷ್ಟು ದೂರದ ಬ್ಯಾಟರಿ ಲ್ಯಾಬಿನಲ್ಲಿ ಸಹಾಯಕಿಯಾಗಿ ಸೇರಿ ಎಂಟು ವರ್ಷವಾಗಿತ್ತು. ಕೆಲಸ ಏನೆಂದರೆ ತೆಂಗಿನ ಕರಟ ಸುಡುವುದು. ನಗಬೇಡಿ. ಲಿಥಿಯಂ ಬದಲು ಉಪ್ಪಿನಲ್ಲಿರುವ ಸೋಡಿಯಂನಿಂದ ಬ್ಯಾಟರಿ ಮಾಡಬೇಕೆಂದರೆ, ಆ ಸೋಡಿಯಂ ಬಂದು ಕೂರಲು ಸಂದುಗೊಂದುಗಳಿರುವ ಇದ್ದಿಲು ಬೇಕು. ಕರಟದಿಂದ ಅದು ಚೆನ್ನಾಗಿ ಆಗುತ್ತದೆ. ಯಶವಂತಪುರದ ಹೋಟೆಲಿನಿಂದ ಕರಟ ತಂದು, ಒಡೆದು, ಆಸಿಡ್‌ನಲ್ಲಿ ತೊಳೆದು, ಗಾಳಿಯಾಡದ ಫರ್ನೇಸಿನಲ್ಲಿ ಸುಟ್ಟು, ಪುಡಿ ಮಾಡಿ, ಪ್ರತಿ ಹಂತವನ್ನೂ ಪುಸ್ತಕದಲ್ಲಿ ಬರೆದು ಸಹಿ ಹಾಕುವುದು ಅವಳ ಪಾಲು. ಆ ಪುಡಿಯಿಂದ ಬ್ಯಾಟರಿ ಕಟ್ಟಿ ಅಳೆಯುವುದು ಪಿಎಚ್‌ಡಿ ಮಾಡುತ್ತಿದ್ದ ಪುನೀತನ ಪಾಲು.

2017ರ ಆಯುಧಪೂಜೆಗೆ ಫರ್ನೇಸಿಗೂ ಹಾರ ಹಾಕಿ, ಅದರ ಮುಂದೆ ಹನ್ನೊಂದು ಕಾಯಿ ಒಡೆದರು. ಕಾಯಿ ತುರಿದು ಕೋಸಂಬರಿ ಹಂಚಿದ್ದಾಯಿತು. ಕುಂಕುಮ ಬಳಿದ ಕರಟಗಳು ಉಳಿದವು. ಅವನ್ನು ಕಸದ ಬುಟ್ಟಿಗೆ ಹಾಕಲು ಅವಳಿಗೆ ಮನಸ್ಸಾಗಲಿಲ್ಲ. ಕೆಲಸಕ್ಕೆ ಬಳಸೋಣವೆಂದರೆ ತೊಳೆಯಬೇಕು, ತೊಳೆದರೆ ಕುಂಕುಮ ಮೋರಿಗೆ ಹೋಗುತ್ತದೆ. ಬೆಂಕಿಗೆ ಹಾಕಿದರೆ ಯಾವ ದೋಷವೂ ಇಲ್ಲವೆಂದುಕೊಂಡು ಹಾಗೆಯೇ ಸುಟ್ಟು, ಪುಡಿ ಮಾಡಿ ಪುನೀತನಿಗೆ ಕೊಟ್ಟಳು. ಪುಸ್ತಕದಲ್ಲಿ ಮಾತ್ರ ಎಂದಿನಂತೆ ‘ತೊಳೆದಾಯಿತು’ ಎಂದು ಬರೆದಳು.

ಹಾಳಾದ್ದು, ಆ ಪುಡಿ ಲ್ಯಾಬು ಅದುವರೆಗೆ ಕಂಡ ಎಲ್ಲ ಪುಡಿಗಿಂತ ಹೆಚ್ಚು ಚಾರ್ಜು ಹಿಡಿಯಿತು! ಪುನೀತ್ ಮೈಸೂರುಪಾಕು ಹಂಚಿದ. ಮತ್ತೆ ಅಂಥದ್ದೇ ಮಾಡಿ ಎಂದರು. ಮೂರು ಬಾರಿ ತೊಳೆದು ಸುಟ್ಟಳು. ಮೂರು ಬಾರಿಯೂ ಪೂಜೆಗೆ ಮುಂಚಿನ ಅದೇ ಕಡಿಮೆ ಅಂಕಿ.

“ಅಕ್ಕಾ, ಎಲ್ಲೋ ನಾನೇ ಎಡವ್ತಿದೀನಿ” ಎನ್ನುತ್ತಿದ್ದ ಪುನೀತ್.

ನಿಜ ಹೇಳಿಬಿಟ್ಟರೆ, ವರ್ಷವರ್ಷ ಕರಾರು ಮುಂದುವರಿಸುವ ಈ ಕೆಲಸ ಹೋಗುತ್ತದೆಂಬ ಹೆದರಿಕೆಗೆ ಅವಳು ಬಾಯಿಗೆ ಬೀಗ ಹಾಕಿಕೊಂಡಳು. ಗುಟ್ಟಾಗಿ ಇನ್ನೊಮ್ಮೆ ಹಾಗೆಯೇ ಸುಡುವ ಧೈರ್ಯವೂ ಬರಲಿಲ್ಲ. ಊಟ ಸೇರದು. ಯಾರಾದರೂ ಹೆಸರು ಹಿಡಿದು ಕರೆದರೆ ಸಾಕು, ಬೆಚ್ಚಿಬೀಳುತ್ತಿದ್ದಳು.

ಜನವರಿಯಲ್ಲಿ ಲ್ಯಾಬಿನ ಮುಖ್ಯಸ್ಥ ವೆಂಕಟಸ್ವಾಮಿ ಸರ್ ಇಬ್ಬರನ್ನೂ ಕರೆಸಿದರು. ಅವರ ಕಣ್ಣು ಪುನೀತನ ಮೇಲಿತ್ತು.

“ಈ ನಂಬರ್ ನೀನೇ ಸೃಷ್ಟಿ ಮಾಡಿದ್ದಾ? ಈಗ್ಲೇ ಹೇಳ್ಬಿಡು. ಇಲ್ಲಾಂದ್ರೆ ನಿನ್ ಪಿಎಚ್‌ಡಿ ಕ್ಯಾನ್ಸಲ್ ಮಾಡಿಸ್ತೀನಿ.”

“ಇಲ್ಲ ಸರ್, ಅಮ್ಮನಾಣೆ” ಎಂದ ಪುನೀತ್.

ಶಶಿರೇಖಾ ಒಂದು ಹೆಜ್ಜೆ ಮುಂದೆ ಬಂದಳು. “ಸರ್, ಅವ್ರದ್ದೇನೂ ತಪ್ಪಿಲ್ಲ. ಅದು ಪೂಜೆ ಕರಟ. ಕುಂಕುಮ ಮೋರಿಗೆ ಹೋಗ್ಬಾರ್ದು ಅಂತ ತೊಳೀಲಿಲ್ಲ. ತೊಳ್ದೆ ಅಂತ ಬರ್ದ್ಬಿಟ್ಟೆ.”

ಸರ್ ಬಯ್ಯಲಿಲ್ಲ. “ಕುಂಕುಮದಲ್ಲಿ ಸುಣ್ಣ ಇರುತ್ತಲ್ವಾ... ಅದೇ ಇದ್ದಿಲಲ್ಲಿ ಸಂದು ಹೆಚ್ಚಿಸಿರ್ಬೇಕು” ಎಂದು ತಮ್ಮಷ್ಟಕ್ಕೆ ಗೊಣಗಿದರು. ಪುನೀತ್ ಕಣ್ಣೊರೆಸಿಕೊಂಡ. ಅವಳಿಗೆ ಹೋದ ಜೀವ ಬಂದಂತಾಯಿತು. ಆಮೇಲೆ ಸರ್ ಕಪಾಟು ತೆರೆದು, ಎಂಟು ವರ್ಷದ ಪುಸ್ತಕಗಳನ್ನು ಒಂದೊಂದಾಗಿ ತಂದು ಮೇಜಿನ ಮೇಲಿಟ್ಟರು.

“ಇವುಗಳಲ್ಲೆಲ್ಲಾ ‘ತೊಳೆದಾಯಿತು’ ಅಂತ ಇದ್ಯಲ್ಲಮ್ಮಾ. ಅದು ನಿಜಾನಾ?”

ನಿಜವೇ. ಆಸಿಡ್ ತಗುಲಿ ಬೆರಳ ತುದಿಯ ಚರ್ಮ ಎದ್ದುಹೋಗುವಷ್ಟು ತೊಳೆದಿದ್ದಳು. ಆದರೆ ನೋಡಿದವರು ಯಾರು?

“ನಿಜ ಸರ್” ಎಂದಳು. ತನ್ನ ದನಿ ತನಗೇ ಸುಳ್ಳೆನಿಸಿತು. ಪುನೀತನ ಕಡೆ ತಿರುಗಿದಳು. ಅವನ ಐದು ವರ್ಷದ ಕೆಲಸವೆಲ್ಲ ಆ ಪುಡಿಗಳ ಮೇಲೆಯೇ ನಿಂತಿತ್ತು. ಸ್ವಲ್ಪ ಹೊತ್ತಿನ ಮುಂಚೆ ಸರ್ ಅವನನ್ನು ಹೇಗೆ ನೋಡಿದ್ದರೋ, ಈಗ ಅವನು ಅವಳನ್ನು ಹಾಗೆಯೇ ನೋಡುತ್ತಿದ್ದ.